ಎಡಗಡೆ ಸೀಟಿನ ಕೆಳಗಿನ ಒದ್ದೆ

ನಮ್ಮ ಕಾರು ಮನೆಗೆ ಬಂದಾಗಲೇ ಅದಕ್ಕೆ ಒಂಬತ್ತು ವರ್ಷ. ನನ್ನ ಗಂಡನ ಆಫೀಸಿನವರೊಬ್ಬರು ವರ್ಗವಾಗಿ ಹೋಗುವಾಗ ನಮಗೆ ಮಾರಿ ಹೋದ ಬಿಳಿಯ ಸಣ್ಣ ಕಾರು ಅದು. ಮೊದಲ ತಿಂಗಳಲ್ಲೇ ನನ್ನ ಗಂಡ ಅದನ್ನು ನಮ್ಮ ಗೇಟಿಗೇ ಒಮ್ಮೆ ಉಜ್ಜಿದರು. ಇನ್ನೊಮ್ಮೆ ನೆಟ್ಟಕಲ್ಲಪ್ಪ ಸರ್ಕಲ್ಲಿನಲ್ಲಿ ಆಟೋದವನೊಬ್ಬನಿಂದ ಬಾಯಿಗೆ ಬಂದಂತೆ ಬೈಸಿಕೊಂಡು ಬಂದರು. "ನಂಗೆ ಸ್ಕೂಟರ್ರೇ ಸರಿ" ಎಂದು ಕಾರಿನ ಕೀ ತಂದು ನನ್ನ ಕೈಗಿಟ್ಟರು. ನಾನು ಬಸವನಗುಡಿಯ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಆಮೇಲೆ ಆ ಕಾರು ನನ್ನದೇ ಆಯಿತು. ಅದರ ಪೆಟ್ರೋಲು, ಇನ್ಶೂರೆನ್ಸು, ಕೆಮ್ಮು ಎಲ್ಲವೂ ನನ್ನದೇ.

ಕಾರಿನಲ್ಲಿ ನನ್ನ ಪಕ್ಕದ ಸೀಟು ನಮ್ಮತ್ತೆಯದು. ಅವರನ್ನು ನಾನು ಅಮ್ಮ ಎಂದೇ ಕರೆಯುವುದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು, ಈಗ ಎಪ್ಪತ್ತೆಂಟು. ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ, ಆದರೂ ಯಾರಾದರೂ ಕೈ ಹಿಡಿದುಕೊಳ್ಳಲು ಹೋದರೆ ಮೆಲ್ಲಗೆ ಬಿಡಿಸಿಕೊಳ್ಳುವವರು. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಅವರನ್ನು ತ್ಯಾಗರಾಜನಗರದ ನಮ್ಮ ಮನೆಯಿಂದ ಮಲ್ಲೇಶ್ವರದ ಅವರ ಅಕ್ಕನ ಮನೆಗೆ ಕರೆದುಕೊಂಡು ಹೋಗಿ ಸಂಜೆ ವಾಪಸ್ಸು ಕರೆತರುವುದು ನನ್ನ ಪಾಲಿನ ಕೆಲಸ. ಅಕ್ಕ ಎಂಬತ್ತಮೂರರವರು, ಮಗ ಸೊಸೆಯ ಜೊತೆ ಇದ್ದಾರೆ. ಅಲ್ಲಿ ಅಕ್ಕ ತಂಗಿ ಇಬ್ಬರೂ ಕಾಫಿ ಮುಂದಿಟ್ಟುಕೊಂಡು, ಸತ್ತವರು ಬದುಕಿದವರು ಎಲ್ಲರ ವಿಷಯವನ್ನೂ ಒಂದು ಸುತ್ತು ಮಾತಾಡಿ ಮುಗಿಸುತ್ತಿದ್ದರು.

ಹೋದ ವರ್ಷ ಮಳೆಗಾಲ ಶುರುವಾಗಿತ್ತು. ಗಾಂಧಿ ಬಜಾರು ದಾಟುತ್ತಿದ್ದ ಹಾಗೆ ಅತ್ತೆ ಮೂಗೆಳೆದು, "ಎಲ್ಲೋ ಪಾಕ ಇಟ್ಟಿದಾರೆ" ಎಂದರು.

"ಯಾವ್ದೋ ಸ್ವೀಟ್ ಅಂಗ್ಡಿ ಇರ್ಬೇಕಮ್ಮ."

ಓಕಳಿಪುರದ ಅಂಡರ್‌ಪಾಸಿನಲ್ಲಿ ಮತ್ತೆ ಅದೇ ಮಾತು. "ಬೆಲ್ಲದ ಪಾಕ ಅಲ್ಲ, ಸಕ್ಕರೆ ಪಾಕ. ಸ್ವಲ್ಪ ಹತ್ತಿದ ಹಾಗಿದೆ." ಅಂಡರ್‌ಪಾಸಿನಲ್ಲಿ ಯಾರು ಪಾಕ ಇಡುತ್ತಾರೆ? ನನ್ನ ಮೂಗು ವರ್ಷದಲ್ಲಿ ಎಂಟು ತಿಂಗಳು ಕಟ್ಟಿಕೊಂಡೇ ಇರುತ್ತದೆ, ನನಗೆ ಏನೂ ಗೊತ್ತಾಗಲಿಲ್ಲ. ವಯಸ್ಸಾದವರಿಗೆ ಇಲ್ಲದ ವಾಸನೆ ಬರುವುದುಂಟು ಎಂದು ಎಲ್ಲೋ ಕೇಳಿದ್ದೆ. ಹೂಂ ಎಂದು ಸುಮ್ಮನಾದೆ. ಆ ದಿನಗಳಲ್ಲಿ ಮುಂದಿನ ಗಾಜಿಗೆ ಒಳಗಡೆಯಿಂದ ಮಬ್ಬು ಹಿಡಿಯುತ್ತಿತ್ತು, ಬಟ್ಟೆಯಿಂದ ಒರೆಸಿದರೆ ಎಣ್ಣೆ ಕೈ ಆಡಿಸಿದ ಹಾಗೆ ಪಟ್ಟೆ ಪಟ್ಟೆ ಉಳಿಯುತ್ತಿತ್ತು. ಮಳೆ ಎಂದುಕೊಂಡೆ.

ಮುಂದಿನ ಸಲ ಮಲ್ಲೇಶ್ವರದಿಂದ ಬರುವಾಗ ಚಾಮರಾಜಪೇಟೆಯಲ್ಲಿ ಕಾರು ಕೈಕೊಟ್ಟಿತು. ಯಾವುದೋ ಮೆರವಣಿಗೆಗೆಂದು ರಸ್ತೆ ಕಟ್ಟಿದ್ದರು, ಇಪ್ಪತ್ತು ನಿಮಿಷ ಇಂಚಿಂಚು ಸರಿದೆವು. ಇಂಜಿನ್ ಬಿಸಿ ತೋರಿಸುವ ಮುಳ್ಳು ಯಾವಾಗಲೂ ಮಧ್ಯದಲ್ಲಿ ಇರುತ್ತಿದ್ದದ್ದು ಕೆಂಪು ಗೆರೆಗೆ ಏರಿತ್ತು. ನಾನು ನೋಡುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ಹೇಗೋ ಪಕ್ಕಕ್ಕೆ ತಂದು ಆಫ್ ಮಾಡಿದೆ. ಪಾತ್ರೆ ಅಂಗಡಿಯವರೊಬ್ಬರು ಹೊರಗೆ ಬಂದು, "ಅಮ್ಮಾ, ಮುಚ್ಚಳ ಮುಟ್ಬೇಡಿ, ಮುಖಕ್ಕೆ ಹಾರತ್ತೆ. ಅರ್ಧ ಗಂಟೆ ಬಿಡಿ" ಎಂದರು. ಅತ್ತೆಗೆ ಒಂದು ಸ್ಟೂಲು ಹಾಕಿಕೊಟ್ಟರು. ತಣ್ಣಗಾದ ಮೇಲೆ ಅವರ ಅಂಗಡಿಯ ಬಿಂದಿಗೆಯಿಂದಲೇ ನೀರು ಹಾಕಿದೆವು. ರೇಡಿಯೇಟರು ಗಟಗಟ ಕುಡಿಯಿತು. ಸುಮಾರು ಎರಡು ಲೀಟರಾದರೂ ಹಿಡಿದಿರಬೇಕು.

ಮನೆಗೆ ಬಂದು ಅತ್ತೆ ಇಳಿದಾಗ ಅವರ ಸೀರೆಯ ಅಂಚು ಒದ್ದೆಯಾಗಿದ್ದು ಕಂಡಿತು. ಅವರು ಒಳಗೆ ಹೋದ ಮೇಲೆ ಬಗ್ಗಿ ನೋಡಿದೆ. ಅವರು ಕಾಲಿಡುವ ಜಾಗದಲ್ಲಿ ಕಪ್ಪು ರಬ್ಬರ್ ಮ್ಯಾಟಿನ ಅಂಚಿನಲ್ಲಿ ನೀರು ನಿಂತಿತ್ತು. ಮುಟ್ಟಿದರೆ ಸ್ವಲ್ಪ ಅಂಟಂಟು.

ಇಲ್ಲಿ ಒಂದು ವಿಷಯ ಹೇಳಬೇಕು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಅತ್ತೆಗೆ ಜ್ವರ ಬಂದು ಮಲಗಿದ್ದಾಗ ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ನಾನೇ ಬಟ್ಟೆ ಬದಲಾಯಿಸಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡಿದ್ದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ, ನಾನು ಗಂಡನಿಗೂ ಹೇಳಲಿಲ್ಲ. ಹಾಗಾಗಿ ಮ್ಯಾಟಿನ ಮೇಲಿನ ನೀರನ್ನು ನೋಡಿದಾಗ ನನ್ನ ಮನಸ್ಸು ಎಲ್ಲಿಗೆ ಹೋಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಗಂಟೆ ಬೀದಿಯಲ್ಲಿ ಕೂತಿದ್ದರು, ಪಾಪ, ಯಾರನ್ನು ಕೇಳುತ್ತಾರೆ ಎಂದುಕೊಂಡೆ. ಸೀಟಿಗೆ ರೆಕ್ಸಿನ್ ಕವರಿತ್ತು. ಅದು ಒಣಗಿಯೇ ಇತ್ತು. ರೆಕ್ಸಿನ್ ಅಲ್ಲವೇ, ಜಾರಿ ಕೆಳಗೆ ಇಳಿದಿರುತ್ತದೆ ಎಂದು ಅದಕ್ಕೂ ಸಮಾಧಾನ ಹೇಳಿಕೊಂಡೆ. ಅಂಟಾಗಿರುವುದಕ್ಕೆ ಸಕ್ಕರೆ ಕಾಯಿಲೆ ಇದ್ದೇ ಇತ್ತು. ಒಂದು ಸಲ ತೀರ್ಮಾನಕ್ಕೆ ಬಂದವರಿಗೆ ಎಲ್ಲವೂ ಹೇಗೆ ಹೊಂದಿಕೊಂಡುಬಿಡುತ್ತದೆ ನೋಡಿ. ಮ್ಯಾಟು ತೆಗೆದು ತೊಳೆದು ಟೆರೇಸಿನಲ್ಲಿ ಒಣಹಾಕಿದೆ. ಕೆಳಗಿನ ಕಾರ್ಪೆಟ್ಟಿಗೆ ಹಳೇ ನ್ಯೂಸ್‌ಪೇಪರು ಒತ್ತಿ ತೇವ ತೆಗೆದೆ.

ಸೋಮವಾರ ಕಾರನ್ನು ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಅಲ್ಲಿಯ ಮೆಕ್ಯಾನಿಕ್ ಕೆಳಗೆಲ್ಲ ಬಗ್ಗಿ ನೋಡಿ, "ಎಲ್ಲೂ ಲೀಕಿಲ್ಲ ಮೇಡಂ. ಥರ್ಮೋಸ್ಟಾಟ್ ಹಿಡ್ಕೊಂಡಿರ್ಬೇಕು" ಎಂದು ಅದನ್ನೂ ರೇಡಿಯೇಟರಿನ ಮುಚ್ಚಳವನ್ನೂ ಬದಲಾಯಿಸಿದ. ಥರ್ಮೋಸ್ಟಾಟ್ ಎಂದರೆ ಬಿಸಿಯಾದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿನ ಕಡೆ ಬಿಡುವ ಸಣ್ಣ ಬಾಗಿಲಂತೆ. ಒಂದು ವಾರ ಎಲ್ಲ ಸರಿಯಿತ್ತು. ಆಮೇಲೆ ನೀರು ಮತ್ತೆ ಕಡಿಮೆಯಾಯಿತು. ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ಒಂದು ಚೊಂಬು ನಲ್ಲಿ ನೀರು ಹಾಕುವುದು, ತುಳಸಿಗೆ ನೀರು ಹಾಕುವ ಹಾಗೆ, ಅಭ್ಯಾಸವಾಯಿತು.

ಮಲ್ಲೇಶ್ವರದ ಮುಂದಿನ ಶನಿವಾರ ಬರುವ ಮುಂಚೆ ನಾನು ಇನ್ನೊಂದು ಕೆಲಸ ಮಾಡಿದೆ. ಗಾಂಧಿ ಬಜಾರಿನಲ್ಲಿ ಡೈನಿಂಗ್ ಟೇಬಲ್ಲಿಗೆ ಹಾಸುವ ದಪ್ಪ ಪ್ಲಾಸ್ಟಿಕ್ಕು ಒಂದು ಮೀಟರು ತಂದು, ಎಡಗಡೆ ಸೀಟಿನ ಅಳತೆಗೆ ಕತ್ತರಿಸಿ ಹಾಸಿ, ಮೇಲೆ ಒಂದು ಟವೆಲ್ ಮುಚ್ಚಿದೆ. ಮ್ಯಾಟಿನ ಕೆಳಗೂ ಒಂದು ಹಾಳೆ ಪ್ಲಾಸ್ಟಿಕ್ಕು. ನನಗೆ ಅದು ಉಪಕಾರದ ಕೆಲಸವೆಂದೇ ಅನ್ನಿಸಿತ್ತು. ಅತ್ತೆ ಬಂದು ಕೂತರು. ಪ್ಲಾಸ್ಟಿಕ್ಕು ಚರಚರ ಎಂದಿತು. ಅವರು ಟವೆಲ್ಲಿನ ತುದಿ ಎತ್ತಿ ನೋಡಿದರು, ನನ್ನನ್ನೊಮ್ಮೆ ನೋಡಿದರು, ಬೆಲ್ಟ್ ಹಾಕಿಕೊಂಡರು. ಮಲ್ಲೇಶ್ವರದವರೆಗೂ ಒಂದು ಮಾತಿಲ್ಲ. ಪಾಕದ ವಾಸನೆಯ ಸುದ್ದಿಯೂ ಇಲ್ಲ. ಅಲ್ಲಿ ಅಕ್ಕನ ಸೊಸೆ ಕಾಫಿ ತಂದರೆ ಬೇಡವೆಂದರು.

ಅದರ ಮುಂದಿನ ಸಲ, "ನೀನು ಕಾರು ತೆಗೀಬೇಡ. ನಾನು ಬರಲ್ಲ. ಅಕ್ಕನ ಹತ್ರ ಫೋನಲ್ಲೇ ಮಾತಾಡ್ತೀನಿ" ಎಂದರು. ಮಂಡಿ ನೋವೇ ಎಂದು ಕೇಳಿದ್ದಕ್ಕೆ ಹೂಂ ಎಂದರು. ನನಗೆ ನಿಜ ಹೇಳಬೇಕೆಂದರೆ ಒಳಗೊಳಗೇ ಹಗುರವಾಯಿತು. ಅವರ ನಾಚಿಕೆ ಅವರಿಗೇ ಗೊತ್ತಾಗಿದೆ, ಮಾತಾಡುವ ಪ್ರಸಂಗ ತಪ್ಪಿತು ಎಂದುಕೊಂಡೆ.

ಕಾರು ಮಾತ್ರ ಸುಮ್ಮನಿರಲಿಲ್ಲ. ಕಾಲೇಜಿನಿಂದ ಬರುವಾಗ ಇನ್ನೊಮ್ಮೆ ಮುಳ್ಳು ಕೆಂಪಿಗೆ ಹೋಯಿತು. ಈ ಸಲ ದೊಡ್ಡ ಗ್ಯಾರೇಜಿಗೇ ತೋರಿಸೋಣ ಎಂದು ಹೋದೆ. ಅಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ, ಒಂದು ಗಂಟೆಯ ಮೇಲೆ ಒಬ್ಬ ಹುಡುಗಿ ಬಂದು ಟ್ಯಾಬ್ ನೋಡುತ್ತಾ, "ನೀರು ಹೊರಗೆ ಲೀಕಾಗ್ತಿಲ್ಲ ಅಂದ್ರೆ ಒಳಗೆ ಸುಟ್ಟು ಹೋಗ್ತಿದೆ ಅಂತ ಅರ್ಥ ಮ್ಯಾಮ್. ಹೆಡ್ ಗ್ಯಾಸ್ಕೆಟ್ ಅಂದ್ರೆ ಇಂಜಿನ್ ಒಳಗಿನ ಸೀಲು ಹೋಗಿದೆ. ಇಂಜಿನ್ ಬಿಚ್ಬೇಕು" ಎಂದಳು. ನನ್ನ ಗಂಡ ಅದನ್ನು ಕೇಳಿ, "ಹಾಗಾದ್ರೆ ಮಾರ್ಬಿಡೋಣ. ಗುಜರಿಯವರೂ ತಗೋತಾರೆ" ಎಂದರು. ಅವರಿಗೆ ಆ ಕಾರಿನ ಮೇಲೆ ಮೊದಲಿನಿಂದಲೂ ಪ್ರೀತಿ ಇರಲಿಲ್ಲ. ನನಗೆ ಇತ್ತು. ಒಂದು ದಿನ ಟೈಮು ಕೊಡಿ ಎಂದೆ.

ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರೊಬ್ಬರು ಮಾವಳ್ಳಿಯವರು. ಅವರ ಬೀದಿಯಲ್ಲೇ ಒಬ್ಬ ಮೆಕ್ಯಾನಿಕ್ ಇದ್ದಾರೆ, ಬೇಗ ಬಿಚ್ಚುವವರಲ್ಲ, ಮೊದಲು ನೋಡುತ್ತಾರೆ ಎಂದರು. ಬೇಗ ಬಿಚ್ಚುವವರಲ್ಲ ಎನ್ನುವ ಮಾತು ನನಗೆ ಹಿಡಿಸಿತು. ಮರುದಿನ ರಜೆ ಹಾಕಿ ಹೋದೆ. ಹೋಗುವ ಮುಂಚೆ ಎಡಗಡೆ ಸೀಟಿನ ಪ್ಲಾಸ್ಟಿಕ್ಕು, ಟವೆಲ್ಲು ತೆಗೆದು ಡಿಕ್ಕಿಗೆ ಹಾಕಿದೆ, ಮ್ಯಾಟನ್ನು ಒರೆಸಿದೆ. ದೊಡ್ಡ ಗ್ಯಾರೇಜಿಗೆ ಹೋಗುವಾಗಲೂ ಹಾಗೇ ಮಾಡಿದ್ದೆ. ಮನೆಯ ಹಿರಿಯರ ಮರ್ಯಾದೆ ಬೀದಿಯವರ ಕಣ್ಣಿಗೆ ಬೀಳಬಾರದು ಎಂದು.

ಮಾವಳ್ಳಿಯ ಗ್ಯಾರೇಜು ಎಂದರೆ ಎರಡು ಕಾರು ನಿಲ್ಲುವಷ್ಟು ಶೆಡ್ಡು. ಮೆಕ್ಯಾನಿಕ್‌ಗೆ ಅರವತ್ತರ ಹತ್ತಿರ ವಯಸ್ಸು, ಹಣೆಯಲ್ಲಿ ಕುಂಕುಮ, ಕನ್ನಡಕಕ್ಕೆ ದಾರ. ನಾನು ಹೆಡ್ ಗ್ಯಾಸ್ಕೆಟ್ ಎಂದು ಬಾಯಿ ತೆಗೆಯುವ ಮುಂಚೆಯೇ ಕೈ ಎತ್ತಿ ತಡೆದರು.

"ಬೇರೆಯವ್ರು ಹೇಳಿದ್ದು ಆಮೇಲೆ. ಕಾರು ಏನು ಮಾಡ್ತು ಅದನ್ನ ಹೇಳಿ ಮೇಡಂ."

ಹೇಳಿದೆ. ಅವರು ಇಂಜಿನ್ ಆಯಿಲ್ಲಿನ ಮುಚ್ಚಳ ತೆಗೆದು ಒಳಭಾಗ ತೋರಿಸಿದರು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ಲಿಗೆ ಸೇರಿದ್ದರೆ ಇಲ್ಲಿ ಹಾಲು ಕಾಫಿಯ ಬಣ್ಣದ ಕೆನೆ ಕಟ್ಟಿರಬೇಕಂತೆ. ಇರಲಿಲ್ಲ. ಸೈಲೆನ್ಸರಿನ ಹತ್ತಿರ ನಿಂತು ಹೊಗೆ ನೋಡಿದರು, ಬಿಳಿಯಾಗಿರಲಿಲ್ಲ. ಆಮೇಲೆ ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂಥದ್ದೊಂದನ್ನು ತಿರುಗಿಸಿ ಕೂರಿಸಿ ಗಾಳಿ ಒತ್ತಿದರು. ಅದಕ್ಕೊಂದು ಮೀಟರು. ಗಾಳಿ ನಿಂತರೆ ಮುಳ್ಳು ನಿಲ್ಲುತ್ತದೆ, ಎಲ್ಲಾದರೂ ತೂತಿದ್ದರೆ ಇಳಿಯುತ್ತದೆ. ನಾವಿಬ್ಬರೂ ನೋಡುತ್ತಾ ನಿಂತೆವು. ಮುಳ್ಳು ಮೆಲ್ಲಗೆ ಇಳಿಯಿತು. ಅವರು ಟಾರ್ಚು ಹಿಡಿದು ಪೈಪುಗಳನ್ನು ಒಂದೊಂದಾಗಿ ಸವರಿದರು, ಕಾರಿನ ಕೆಳಗೆ ರಟ್ಟು ಹಾಸಿ ನೋಡಿದರು. ಒಂದು ಹನಿ ಇಲ್ಲ. ಮತ್ತೆ ಗಾಳಿ ಒತ್ತಿದರು, ಮತ್ತೆ ಇಳಿಯಿತು.

ಅವರು ಕೈ ಒರೆಸಿಕೊಂಡು ಎಡಗಡೆಯ ಮುಂದಿನ ಬಾಗಿಲು ತೆಗೆದರು. ಮ್ಯಾಟು ಎತ್ತಿ, ಪ್ಲಾಸ್ಟಿಕ್ ಹಾಳೆಯನ್ನೂ ಎತ್ತಿ, ಕಾರ್ಪೆಟ್ಟಿನ ಕೆಳಗೆ ಮೊಣಕೈವರೆಗೂ ತೂರಿಸಿದರು. ಕೈ ಆಚೆ ಬಂದಾಗ ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಯಾರು ಕೂತ್ಕೋತಾರೆ?"

"ನಮ್ಮತ್ತೆ. ವಯಸ್ಸಾದವ್ರು. ನೀರಿನ ಬಾಟ್ಲಿ ಚೆಲ್ಲಿರ್ಬೇಕು" ಎಂದೆ.

"ಯಾವಾಗ ಚೆಲ್ಲಿದ್ದು?"

"ಅವ್ರು ಕೂತು ಮೂರು ವಾರದ ಮೇಲಾಯ್ತು."

ಹೇಳುತ್ತಿದ್ದ ಹಾಗೇ ಆ ಮಾತು ನನ್ನ ಕಿವಿಗೇ ಬಿತ್ತು. ಮೂರು ವಾರದಿಂದ ಯಾರೂ ಕೂತಿಲ್ಲ.

ಅವರು ಬೆರಳುಗಳನ್ನು ಉಜ್ಜಿ ಮೂಸಿದರು. "ಚೆಲ್ಲಿದ್ ನೀರಲ್ಲ ಇದು. ಏಸಿ ನೀರೂ ಅಲ್ಲ, ಅದು ಅಂಟಲ್ಲ. ರೇಡಿಯೇಟರ್‌ಗೆ ಹಾಕೋ ಕೂಲೆಂಟು. ನೀವು ನಲ್ಲಿ ನೀರು ಹಾಕಿ ಹಾಕಿ ಬಣ್ಣ ಹೋಗಿದೆ, ಆದ್ರೂ ನೋಡಿ" ಎಂದು ಕೈ ನನ್ನ ಮೂಗಿನ ಹತ್ತಿರ ತಂದರು. ಕಟ್ಟಿದ ಮೂಗಿಗೂ ಅಷ್ಟು ಹತ್ತಿರದಿಂದ ಗೊತ್ತಾಯಿತು. ಸಕ್ಕರೆ ಪಾಕ. ಸ್ವಲ್ಪ ಹತ್ತಿದ ಹಾಗೆ.

ಡ್ಯಾಶ್‌ಬೋರ್ಡಿನ ಒಳಗೆ, ಅತ್ತೆಯ ಕಾಲಿನ ಮೇಲ್ಗಡೆ, ಹೀಟರಿಗೆಂದು ಒಂದು ಪುಟ್ಟ ರೇಡಿಯೇಟರು ಇದೆಯಂತೆ, ಹೀಟರ್ ಕೋರ್ ಅನ್ನುತ್ತಾರೆ. ಇಂಜಿನ್ನಿನ ಬಿಸಿ ನೀರು ಅದರೊಳಗೆ ಸುತ್ತಿ ಬರುತ್ತದೆ. ನಾವು ಹೀಟರು ಹಾಕಲಿ ಬಿಡಲಿ, ನೀರು ಹರಿಯುತ್ತಲೇ ಇರುತ್ತದೆ. ಹಳೆಯದಾಗಿ ಅದರಲ್ಲಿ ಸಣ್ಣ ತೂತು ಬಿದ್ದಿದೆ. ಕಾರು ಓಡಿದಾಗ ಒತ್ತಡಕ್ಕೆ ಒಳಗೇ ಸೋರುತ್ತದೆ, ಹಬೆ ಗಾಜಿಗೆ ಕೂರುತ್ತದೆ, ವಾಸನೆ ಏಸಿ ಗಾಳಿಯ ಜೊತೆ ಬರುತ್ತದೆ.

"ಎರಡು ಕಡೆ ತೋರಿಸಿದ್ರಿ ಅಂದ್ರಲ್ಲ, ಅವ್ರಿಗೆ ಇಲ್ಲಿ ಒದ್ದೆ ಆಗತ್ತೆ ಅಂತ ಹೇಳಲಿಲ್ವಾ?"

"ಇಲ್ಲ."

"ಗಾಜು ಮಬ್ಬಾಗತ್ತೆ ಅಂತ? ವಾಸನೆ ಬರತ್ತೆ ಅಂತ?"

"ಇಲ್ಲ" ಎಂದೆ. ಅವರು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಎರಡು ದಾರಿ ಹೇಳಿದರು. ಜೆ.ಸಿ. ರೋಡಿನಲ್ಲಿ ಬೇರೆ ಹೀಟರ್ ಕೋರ್ ಸಿಗುತ್ತದೆ, ಆದರೆ ಅದನ್ನು ಹಾಕಲು ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಹಳೇ ಕಾರಿನ ಪ್ಲಾಸ್ಟಿಕ್ ಕೊಂಡಿಗಳು ಮುರಿಯುತ್ತವೆ, ಆಮೇಲೆ ಜೀವಮಾನ ಪೂರ್ತಿ ಕಟಕಟ ಸದ್ದು. ಇಲ್ಲವೇ ಇಂಜಿನ್ ಕಡೆಯಿಂದ ಹೀಟರಿಗೆ ಹೋಗುವ ಪೈಪನ್ನೂ ಬರುವ ಪೈಪನ್ನೂ ಬಿಚ್ಚಿ ಒಂದಕ್ಕೊಂದು ಸೇರಿಸಿಬಿಡುವುದು. ನೀರು ಒಳಗೆ ಬರುವುದೇ ಇಲ್ಲ. ಹೀಟರು ಮಾತ್ರ ಇರುವುದಿಲ್ಲ.

"ಹೀಟರ್ ಯಾವತ್ತಾದ್ರೂ ಹಾಕಿದೀರಾ?"

ಅದರ ಗುಂಡಿ ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಎರಡನೆಯದನ್ನೇ ಮಾಡಿ ಎಂದೆ. ಬೈಪಾಸ್ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಹಳೇ ನೀರೆಲ್ಲ ಇಳಿಸಿ, ತುಕ್ಕು ಬಣ್ಣ ಹೋಗುವವರೆಗೂ ಎರಡು ಸಲ ತೊಳೆದು, ಹಸಿರು ಕೂಲೆಂಟು ತುಂಬಿದರು. ಮುಚ್ಚಳ ಹಾಕದೆ ಇಂಜಿನ್ ಶುರು ಮಾಡಿಸಿದರು. ರೇಡಿಯೇಟರಿನ ಬಾಯಿಂದ ಗುಳುಗುಳು ಗುಳ್ಳೆ ಬರುತ್ತಿತ್ತು. ಒಳಗಿನ ಗಾಳಿ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಮತ್ತೆ ಬಿಸಿಯಾಗುತ್ತದೆ ಎಂದರು. ನಾನು ಸ್ಟೀರಿಂಗ್ ಮುಂದೆ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಮಧ್ಯಕ್ಕೆ ಬಂದು ನಿಂತಿತು. ಫ್ಯಾನು ಬರ್ ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. "ಸಾಕು, ಆಫ್ ಮಾಡಿ" ಎಂದರು. ಸೀಟು ಬಿಚ್ಚಿ, ಕಾರ್ಪೆಟ್ಟು ತೆಗೆದು ಸುತ್ತಿ ಡಿಕ್ಕಿಗೆ ಹಾಕಿ, ಸೀಟನ್ನು ಮತ್ತೆ ಕೂರಿಸಿಕೊಟ್ಟರು. ಅಲ್ಲಿ ಮಡಚಿಟ್ಟಿದ್ದ ಪ್ಲಾಸ್ಟಿಕ್ಕನ್ನು ಪಕ್ಕಕ್ಕೆ ಸರಿಸಿಟ್ಟರು.

ಲಾಲ್‌ಬಾಗ್ ಪಕ್ಕದಿಂದ ಮನೆಗೆ ಬರುವ ದಾರಿ ಕಾಲು ಗಂಟೆಯದ್ದು. ಏನು ಹೇಳುವುದೆಂದು ಯೋಚಿಸುತ್ತಾ ಬಂದೆ. ಹೇಳದೆಯೂ ಇರಬಹುದಿತ್ತು. ಕಾರು ರಿಪೇರಿಯಾಯಿತು, ಬನ್ನಿ ಮಲ್ಲೇಶ್ವರಕ್ಕೆ ಎಂದರೆ ಸಾಕಿತ್ತು. ಅತ್ತೆ ಹಾಲ್‌ನಲ್ಲಿ ಪೇಪರು ಹರಡಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತೆ.

"ಅಮ್ಮ, ಕಾರಲ್ಲಿ ನಿಮ್ಮ ಕಾಲಿನ ಹತ್ರ ನೀರು ಬರ್ತಿತ್ತಲ್ಲ, ಅದು ಇಂಜಿನ್ದಂತೆ. ಒಳಗೆ ಒಂದು ಪೈಪಿನ ಥರದ್ದು ತೂತಾಗಿತ್ತು. ಪಾಕದ ವಾಸನೆನೂ ಅದೇ."

ಅವರು ಸೊಪ್ಪು ಬಿಡಿಸುತ್ತಲೇ ಇದ್ದರು. "ನಾನು ಹೇಳಿದ್ನಲ್ಲ."

"ಹೇಳಿದ್ರಿ. ನಾನು ಬೇರೆ ಏನೋ ಅಂದ್ಕೊಂಡೆ."

"ಗೊತ್ತು. ಪ್ಲಾಸ್ಟಿಕ್ ಹಾಸಿದ ದಿನಾನೇ ಗೊತ್ತಾಯ್ತು."

"ಅವತ್ತೇ ಕೇಳ್ಬಹುದಾಗಿತ್ತಲ್ಲಮ್ಮ."

ಅವರು ತಲೆ ಎತ್ತಿದರು. "ಏನಂತ ಕೇಳ್ಲಿ? ನಾನಲ್ಲ ಅಂತ ನಾನೇ ಹೇಳ್ಕೋಬೇಕಿತ್ತಾ? ಸೀಟು ಮುಟ್ಟಿ ನೋಡಿದ್ರೆ ಸಾಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಹೇಳ್ತಿದ್ದೆ, ಉತ್ತರ ಮೊದಲೇ ಬರ್ಕೊಂಡು ಆಮೇಲೆ ಲೆಕ್ಕ ಮಾಡ್ಬೇಡಿ ಅಂತ."

"ಮುಟ್ಟಿದ್ದೆ ಅಮ್ಮ. ಒಣಗಿತ್ತು" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನ ಹತ್ತಿರ ಇರಲಿಲ್ಲ. "ತಪ್ಪಾಯ್ತು" ಎಂದೂ ಹೇಳಿದೆ.

ಜ್ವರದ ದಿನದ್ದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಹೇಳಲಿಲ್ಲ. ಅವರ ಕಣ್ಣಲ್ಲಿ ನೀರು ಇದ್ದಂತೆ ಕಂಡಿತು, ಖಚಿತವಾಗಿ ಹೇಳಲಾರೆ. ಬಿಡಿಸಿದ ಸೊಪ್ಪನ್ನು ನನ್ನ ಕಡೆ ತಳ್ಳಿ, "ತೊಳ್ದಿಡು" ಎಂದರು. ನಾನು ಏಳುವಾಗ, "ಆ ತೂತು ಬಿದ್ದಿದ್ದಕ್ಕೆ ಏನಂತಾರೆ?" ಎಂದು ಕೇಳಿದರು. ಹೀಟರ್ ಕೋರ್ ಎಂದೆ. ಕಾರಿನಲ್ಲಿ ಅದು ಎಲ್ಲಿರುತ್ತದೆ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪೇಪರಿನ ಅಂಚಿನಲ್ಲಿ ನನ್ನ ಕೈಯಲ್ಲಿ ಚಿತ್ರ ಬರೆಸಿಕೊಂಡರು. ಎರಡು ಪೈಪುಗಳನ್ನು ಸೇರಿಸಿದ್ದು ಅವರಿಗೆ ಒಪ್ಪಿಗೆಯಾಯಿತು.

ಕಾರ್ಪೆಟ್ಟು ಒಣಗಲು ಆರು ದಿನ ಹಿಡಿಯಿತು. ಬಿಸಿಲು ಬಂದಾಗ ಟೆರೇಸಿಗೆ, ಮೋಡ ಮುಚ್ಚಿದರೆ ಒಳಗೆ. ನನ್ನ ಗಂಡನೂ ಎರಡು ಸಲ ಹೊತ್ತರು. ಯಾಕೆ ಅಷ್ಟು ಒದ್ದೆಯಾಯಿತೆಂದು ಅವರಿಗೆ ಕಾರಿನ ಕಾರಣವನ್ನಷ್ಟೇ ಹೇಳಿದೆವು.

ಆ ಶನಿವಾರ ನಾನು ಕರೆಯಲಿಲ್ಲ. ಅತ್ತೆಯೂ ಹೊರಡಲಿಲ್ಲ. ಅದರ ಮುಂದಿನ ಶನಿವಾರ ಊಟ ಮುಗಿಸಿ ನಾನು ಕಾರಿನ ನೀರು ನೋಡುತ್ತಿದ್ದಾಗ, ಅತ್ತೆ ಸೀರೆ ಉಟ್ಟು, ಕೈಯಲ್ಲಿ ಬ್ಯಾಗು ಹಿಡಿದು ಗೇಟಿನ ಹತ್ತಿರ ಬಂದು ನಿಂತರು. ನಾನು ಮುಂದಿನ ಬಾಗಿಲು ತೆಗೆದೆ. ಅವರು ಹಿಂದಿನದನ್ನು ತಾವೇ ತೆಗೆದುಕೊಂಡು ಹತ್ತಿದರು. "ಇಲ್ಲಿ ಕಾಲು ಚಾಚ್ಬಹುದು" ಎಂದರು.

ಅವತ್ತು ಸಿರ್ಸಿ ಸರ್ಕಲ್ಲಿನಲ್ಲಿ ಎರಡು ಸಿಗ್ನಲ್ಲು ತಪ್ಪಿ ತುಂಬ ಹೊತ್ತು ನಿಲ್ಲಬೇಕಾಯಿತು. ಮುಳ್ಳು ಅಲ್ಲಾಡಲಿಲ್ಲ. ಮಲ್ಲೇಶ್ವರದಲ್ಲಿ ಅವರ ಅಕ್ಕ ಬಾಗಿಲಲ್ಲೇ, "ಇಷ್ಟು ದಿನ ಏನಾಗಿತ್ತು ನಿಂಗೆ?" ಎಂದು ಗದರಿದರು. ಅತ್ತೆ ಚಪ್ಪಲಿ ಬಿಟ್ಟು, ಒಳಗೆ ಕೂತು, "ನಂಗಲ್ಲ, ಕಾರಿಗೆ" ಎಂದು ಹೀಟರ್ ಕೋರಿನ ವಿಷಯವನ್ನು ಮೊದಲಿನಿಂದ ಶುರು ಮಾಡಿದರು. ಅಕ್ಕನಿಗೆ ಒಂದು ಕಿವಿ ಕೇಳಿಸುವುದಿಲ್ಲ, ಎರಡೆರಡು ಸಲ ಹೇಳಬೇಕಾಯಿತು. ನಾನು ಅಡುಗೆಮನೆಯಲ್ಲಿ ಅಕ್ಕನ ಸೊಸೆಗೆ ಕಾಫಿ ಸೋಸಲು ಸಹಾಯ ಮಾಡುತ್ತಾ ಕೇಳಿಸಿಕೊಂಡೆ. ಎಲ್ಲ ಸರಿಯಾಗಿಯೇ ಹೇಳಿದರು. ನನ್ನ ಪಾಲಿನದು ಮಾತ್ರ ಎಲ್ಲೂ ಬರಲಿಲ್ಲ. ಕಾಫಿ ಕೊಟ್ಟಾಗ ಎರಡು ಲೋಟ ಕುಡಿದರು.

ಈಗಲೂ ಅವರು ಹಿಂದಿನ ಸೀಟಿನಲ್ಲೇ ಕೂರುತ್ತಾರೆ. ನಿಜಕ್ಕೂ ಕಾಲು ಚಾಚುವುದಕ್ಕೋ, ಬೇರೆ ಕಾರಣವಿದೆಯೋ ನಾನು ಕೇಳಿಲ್ಲ. ಎಡಕ್ಕೆ ತಿರುಗು, ಬಸ್ಸಿನ ಹಿಂದೆ ಹೋಗಬೇಡ, ಇಷ್ಟು ಹಾರನ್ ಯಾಕೆ ಎಂದು ಅಲ್ಲಿಂದಲೇ ಹೇಳುತ್ತಿರುತ್ತಾರೆ.